ಜಠರದ ಬ್ಯಾಕ್ಟೀರಿಯಾದಲ್ಲಿ ವಂಶವಾಹಿ ವಿನಿಮಯ ಮತ್ತು ಸಮಷ್ಟಿ ರಚನೆ: ತುಳುನಾಡಿನ ನೆಲೆಯಿಂದ ಒಂದು ಪರಿಶೀಲನೆ

1. ಪೀಠಿಕೆ

ಒಂದು ಪ್ರದೇಶದ ಜನಜೀವನದ ಚರಿತ್ರೆಯನ್ನು ಕಟ್ಟುವವರು ಸಾಮಾನ್ಯವಾಗಿ ಶಾಸನ, ಓಲೆಗರಿ, ಕಡತ, ಸ್ಥಳನಾಮ, ಭಾಷೆ ಹಾಗೂ ಮೌಖಿಕ ಪರಂಪರೆಗಳನ್ನು ಆಕರಗಳಾಗಿ ಬಳಸುತ್ತಾರೆ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈ ಆಕರಗಳ ಸಾಲಿಗೆ ಅನಿರೀಕ್ಷಿತವಾದ ಇನ್ನೊಂದು ಬಂದು ಸೇರಿದೆ. ಮನುಷ್ಯನ ಜಠರದಲ್ಲಿ ನೆಲೆಸಿ, ಕೆಲವರಲ್ಲಿ ಹುಣ್ಣನ್ನೂ ಇನ್ನು ಕೆಲವರಲ್ಲಿ ಕ್ಯಾನ್ಸರನ್ನೂ ಉಂಟುಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೇ ಆ ಆಕರ. ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿಬಂದಿರುವ ಈ ಜೀವಿ, ಅವನು ಎಲ್ಲಿಂದ ಎಲ್ಲಿಗೆ ನಡೆದನೆಂಬುದರ ಗುರುತುಗಳನ್ನು ತನ್ನ ವಂಶವಾಹಿಗಳಲ್ಲಿ ಉಳಿಸಿಕೊಂಡಿದೆ.

ಆದರೆ ಈ ಆಕರವನ್ನು ಓದುವ ಕ್ರಮ ಸರಳವಾದುದಲ್ಲ. ಈ ಬ್ಯಾಕ್ಟೀರಿಯಾ ತನ್ನ ವಂಶವಾಹಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಗಿಸುವುದಷ್ಟೇ ಅಲ್ಲದೆ, ನೆರೆಯ ತಳಿಗಳೊಡನೆ ಧಾರಾಳವಾಗಿ ವಿನಿಮಯ ಮಾಡಿಕೊಳ್ಳುತ್ತದೆ. ಇಂತಹ ಜೀವಿಯ ಚರಿತ್ರೆಯನ್ನು ವಂಶವೃಕ್ಷವೊಂದರಿಂದ ಹೇಳಲಾಗದು. ಈ ವಿನಿಮಯದ ಸ್ವರೂಪವನ್ನೂ, ಅದರಿಂದ ಉಂಟಾಗುವ ಸಮಷ್ಟಿ ರಚನೆಯನ್ನೂ ವಿವರಿಸಿ, ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯಂತಹ ಬಹುಭಾಷಿಕ ಪ್ರದೇಶದಲ್ಲಿ ಇಂತಹ ಅಧ್ಯಯನವನ್ನು ಹೇಗೆ ಕೈಗೊಳ್ಳಬಹುದು, ಯಾವ ಎಚ್ಚರ ಅಗತ್ಯ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ‘ಸಮಷ್ಟಿ’ ಎಂಬ ಪದವನ್ನು ತಮ್ಮೊಳಗೆ ವಂಶವಾಹಿಗಳನ್ನು ಹಂಚಿಕೊಳ್ಳುವ ಬ್ಯಾಕ್ಟೀರಿಯಾ ತಳಿಗಳ ಒಟ್ಟು ಗುಂಪು ಎಂಬ ಅರ್ಥದಲ್ಲಿ ಬಳಸಲಾಗಿದೆ. ‘ಸಮುದಾಯ’ ಎಂಬುದು ಮನುಷ್ಯ ಸಮುದಾಯಕ್ಕೆ ಮಾತ್ರ ಅನ್ವಯಿಸುತ್ತದೆ.

2. ಶೋಧದ ಹಿನ್ನೆಲೆ

ಜಠರದ ತೀವ್ರ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆಸಲಾರದು ಎಂಬುದು ವೈದ್ಯಲೋಕದಲ್ಲಿ ಬಹುಕಾಲ ರೂಢಮೂಲವಾಗಿದ್ದ ನಂಬಿಕೆ. ಹುಣ್ಣಿಗೆ ಖಾರದ ಊಟ, ಮಾನಸಿಕ ಒತ್ತಡ ಮತ್ತು ಆಮ್ಲದ ಆಧಿಕ್ಯವೇ ಕಾರಣವೆಂದು ತಿಳಿಯಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಈ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದರಲ್ಲಿ ಯಶಸ್ವಿಯಾದರು. 1984ರಲ್ಲಿ ಮಾರ್ಷಲ್ ಅವರು ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2005ರಲ್ಲಿ ಈ ಇಬ್ಬರಿಗೂ ನೊಬೆಲ್ ಪಾರಿತೋಷಕ ಲಭಿಸಿತು.

ಈ ಜೀವಿಯು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಯೂರಿಯಾವನ್ನು ಒಡೆದು ಅಮೋನಿಯಾ ತಯಾರಿಸಿ, ತನ್ನ ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಳ್ಳುತ್ತದೆ. ಬಳಿಕ ಜಠರದ ಲೋಳೆಪದರವನ್ನು ಕೊರೆದು ಒಳಸೇರುತ್ತದೆ. ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲಿ, ಬಹುಮಟ್ಟಿಗೆ ಮನೆಯೊಳಗೆ, ವಿಶೇಷವಾಗಿ ತಾಯಿಯಿಂದ ಮಗುವಿಗೆ ತಗಲುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಜೀವಮಾನವಿಡೀ ಉಳಿಯುತ್ತದೆ. ಈ ಎರಡು ಲಕ್ಷಣಗಳಿಂದಾಗಿಯೇ ಇದು ಚರಿತ್ರೆಯ ಆಕರವಾಗಲು ಅರ್ಹವಾಗಿದೆ. ಸೋಂಕಿತರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ ಎಂಬುದೂ ಗಮನಾರ್ಹ.

ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಉಲ್ಲೇಖಿಸುವುದು ಉಚಿತ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿದ್ದ ಫ್ರಾಂಕ್ ಟೋವೆ ಅವರು ಭಾರತದಲ್ಲಿ ಹುಣ್ಣಿನ ಪ್ರಾದೇಶಿಕ ಹಂಚಿಕೆಯನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿ, 1979ರಲ್ಲಿ ಅದರ ಸಮೀಕ್ಷೆಯನ್ನು ಪ್ರಕಟಿಸಿದರು. ಅನ್ನವನ್ನು ಮುಖ್ಯ ಆಹಾರವಾಗಿ ಬಳಸುವ ದಕ್ಷಿಣದ ಪ್ರದೇಶಗಳಲ್ಲಿ ಸಣ್ಣಕರುಳಿನ ಆದಿಭಾಗದ ಹುಣ್ಣು ಹೆಚ್ಚು, ಗೋಧಿ ಬಳಸುವ ಉತ್ತರದ ಪ್ರದೇಶಗಳಲ್ಲಿ ಕಡಿಮೆ ಎಂಬುದು ಅವರು ಗುರುತಿಸಿದ ವಿನ್ಯಾಸ. ಬ್ಯಾಕ್ಟೀರಿಯಾದ ಶೋಧವಾದ ಮೇಲೆ, ಸೋಂಕು ದೇಶದ ಎರಡೂ ಭಾಗಗಳಲ್ಲಿ ವ್ಯಾಪಕವಾಗಿದೆಯೆಂದು ತಿಳಿದುಬಂದಿತು. ಹಾಗಾದರೆ ಸೋಂಕಿನ ಇರುವಿಕೆಯೊಂದೇ ರೋಗವನ್ನು ನಿರ್ಧರಿಸುವುದಿಲ್ಲ. ಆಹಾರ ಹಾಗೂ ಪರಿಸರದೊಡನೆ ಸೋಂಕು ಯಾವ ತಳಿಯದು ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ.

3. ವಂಶವಾಹಿ ವಿನಿಮಯದ ಬಗೆ

1997ರಲ್ಲಿ ಈ ಬ್ಯಾಕ್ಟೀರಿಯಾದ ತಳಿಯೊಂದರ ಸಮಗ್ರ ಡಿ.ಎನ್.ಎ. ಅನುಕ್ರಮವು ಪ್ರಕಟವಾಯಿತು. ಅದರಲ್ಲಿ 16,67,867 ಅಕ್ಷರಗಳೂ ಸುಮಾರು 1,590 ವಂಶವಾಹಿಗಳೂ ಇದ್ದವು. 1999ರಲ್ಲಿ ಇನ್ನೊಬ್ಬ ರೋಗಿಯಿಂದ ಪಡೆದ ಎರಡನೆಯ ತಳಿಯ ಅನುಕ್ರಮ ಹೊರಬಂದಾಗ, ಎರಡೂ ತಳಿಗಳಲ್ಲಿ ನೂರಕ್ಕೆ ಆರೇಳರಷ್ಟು ವಂಶವಾಹಿಗಳು ಆಯಾ ತಳಿಗೆ ಮಾತ್ರ ಸೀಮಿತವಾಗಿರುವುದು ಕಂಡುಬಂದಿತು. ಒಂದೇ ಪ್ರಭೇದಕ್ಕೆ ಸೇರಿದ ಎರಡು ತಳಿಗಳ ನಡುವೆ ಇಷ್ಟು ವ್ಯತ್ಯಾಸವಿರುವುದು ಆಗ ಅಚ್ಚರಿಯ ವಿಷಯವಾಗಿತ್ತು.

ಈ ವೈವಿಧ್ಯಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಉತ್ಪರಿವರ್ತನೆ, ಅಂದರೆ ನಕಲಿನ ವೇಳೆ ಅಕ್ಷರಗಳಲ್ಲಿ ಉಂಟಾಗುವ ದೋಷ. ಅನೇಕ ಬ್ಯಾಕ್ಟೀರಿಯಾಗಳಲ್ಲಿರುವ ಪ್ರಮುಖ ದೋಷಪರಿಹಾರ ವ್ಯವಸ್ಥೆಯೊಂದು ಇದರಲ್ಲಿಲ್ಲ. ಆದ್ದರಿಂದ ದೋಷಗಳು ಬೇಗ ಸಂಚಯವಾಗುತ್ತವೆ. ಎರಡನೆಯದೂ ಹೆಚ್ಚು ಪ್ರಭಾವಶಾಲಿಯೂ ಆದುದು ಪುನಸ್ಸಂಯೋಜನೆ. ಒಂದೇ ಜಠರದಲ್ಲಿ ಎರಡು ತಳಿಗಳು ನೆಲೆಸಿರುವಾಗ, ಸತ್ತ ಬ್ಯಾಕ್ಟೀರಿಯಾದಿಂದ ಹೊರಚೆಲ್ಲಿದ ಡಿ.ಎನ್.ಎ. ತುಣುಕನ್ನು ಬದುಕಿರುವ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಪ್ರೋಟೀನುಗಳ ಮೂಲಕ ಒಳಗೆ ಎಳೆದುಕೊಂಡು, ತನ್ನ ಡಿ.ಎನ್.ಎ.ಯಲ್ಲಿ ಸಮಾನವಾದ ಭಾಗವನ್ನು ಕಳಚಿ, ಹೊಸ ತುಣುಕನ್ನು ಅಲ್ಲಿ ಕೂಡಿಸಿಕೊಳ್ಳುತ್ತದೆ. ಒಬ್ಬನೇ ರೋಗಿಯಿಂದ ಬೇರೆ ಬೇರೆ ಕಾಲದಲ್ಲಿ ಪಡೆದ ತಳಿಗಳನ್ನು ಹೋಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಸೇರುವ ತುಣುಕಿನ ಸರಾಸರಿ ಉದ್ದ ಸುಮಾರು 400 ಅಕ್ಷರಗಳು. ಅಂದರೆ ವಿನಿಮಯವಾಗುವುದು ಇಡೀ ವಂಶವಾಹಿಯೂ ಅಲ್ಲ, ಬಹುಮಟ್ಟಿಗೆ ಅದರ ತುಂಡು.

ಬಂದ ಡಿ.ಎನ್.ಎ.ಯನ್ನೆಲ್ಲ ಬ್ಯಾಕ್ಟೀರಿಯಾ ಸ್ವೀಕರಿಸುತ್ತದೆಂದಲ್ಲ. ಪರಕೀಯ ಡಿ.ಎನ್.ಎ.ಯನ್ನು ಗುರುತಿಸಿ ಕತ್ತರಿಸುವ ಕಿಣ್ವಗಳು, ಸ್ವಂತದ್ದಕ್ಕೆ ಮೀಥೈಲ್ ಗುರುತು ಹಚ್ಚಿ ರಕ್ಷಿಸುವ ಕಿಣ್ವಗಳು, ಹೀಗೆ ಜೋಡಿಜೋಡಿಯಾಗಿ ಕೆಲಸ ಮಾಡುವ ಕಾವಲು ವ್ಯವಸ್ಥೆಗಳು ಈ ಜೀವಿಯಲ್ಲಿ ಅಸಾಧಾರಣ ಸಂಖ್ಯೆಯಲ್ಲಿವೆ. ಇವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಡಿ.ಎನ್. ರಾವ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆ ಉಲ್ಲೇಖಾರ್ಹವಾದುದು. ಒಳಬಂದ ಡಿ.ಎನ್.ಎ.ಗೆ ಡಿ.ಪಿ.ಆರ್.-ಎ ಎಂಬ ಪ್ರೋಟೀನು ಅಂಟಿಕೊಂಡು, ಕತ್ತರಿಸುವ ಕಿಣ್ವಗಳಿಂದ ಅದನ್ನು ಕಾಪಾಡುತ್ತದೆಂದು ಅವರು 2013ರಲ್ಲಿ ತೋರಿಸಿಕೊಟ್ಟರು. ಹೀಗೆ ಬಾಗಿಲು ಕಾಯುವವರೂ ಅತಿಥಿಯನ್ನು ಒಳಗೆ ಕರೆತರುವವರೂ ಒಂದೇ ಮನೆಯಲ್ಲಿದ್ದಾರೆ. ವಿನಿಮಯದ ಪ್ರಮಾಣ ಇವರಿಬ್ಬರ ನಡುವಣ ಸಮತೋಲನವನ್ನು ಅವಲಂಬಿಸಿದೆ.

ರೋಗಕಾರಕ ಗುಣಕ್ಕೂ ವಿನಿಮಯಕ್ಕೂ ನೇರವಾದ ಸಂಬಂಧವಿದೆ. ‘ಕ್ಯಾಗ್ ದ್ವೀಪ’ ಎಂದು ಕರೆಯಲಾಗುವ, ಸುಮಾರು 40,000 ಅಕ್ಷರಗಳ ವಂಶವಾಹಿ ಗುಚ್ಛವೊಂದು ಕೆಲವು ತಳಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ಇದರ ಅಕ್ಷರಗಳ ಅನುಪಾತವು ಉಳಿದ ಡಿ.ಎನ್.ಎ.ಗಿಂತ ಭಿನ್ನವಾಗಿರುವುದರಿಂದ, ಇದು ಹಿಂದೊಮ್ಮೆ ಬೇರೊಂದು ಜೀವಿಯಿಂದ ಬಂದು ಸೇರಿದ್ದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಈ ಗುಚ್ಛವು ಸೂಜಿಯಂತಹ ರಚನೆಯೊಂದನ್ನು ನಿರ್ಮಿಸಿ, ಕ್ಯಾಗ್-ಎ ಎಂಬ ಪ್ರೋಟೀನನ್ನು ಜಠರದ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಇಂತಹ ತಳಿಗಳ ಸೋಂಕಿದ್ದವರಲ್ಲಿ ಹುಣ್ಣು ಮತ್ತು ಕ್ಯಾನ್ಸರಿನ ಸಂಭವ ಹೆಚ್ಚು.

4. ಓಲೆಗರಿಯ ವಂಶ, ಪಾಡ್ದನದ ಪರಂಪರೆ

ಈ ವಿನಿಮಯವು ಚರಿತ್ರೆಯ ಓದನ್ನು ಹೇಗೆ ಬದಲಾಯಿಸುತ್ತದೆ ಎಂಬುದನ್ನು ತಿಳಿಯಲು ತುಳುನಾಡಿನ ಎರಡು ಪಠ್ಯಪರಂಪರೆಗಳು ನೆರವಾಗುತ್ತವೆ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿವೆ. ಇಂತಹ ಗ್ರಂಥವನ್ನು ಒಬ್ಬ ಲಿಪಿಕಾರ ಒಂದೇ ಮಾತೃಕೆಯಿಂದ ನಕಲು ಮಾಡಿದಾಗ, ಅವನ ಸ್ಖಾಲಿತ್ಯಗಳು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತವೆ. ಸಮಾನ ಸ್ಖಾಲಿತ್ಯಗಳನ್ನು ಆಧರಿಸಿ ಗ್ರಂಥಸಂಪಾದಕನು ಪ್ರತಿಗಳ ವಂಶವೃಕ್ಷವನ್ನು ರಚಿಸಬಹುದು. ಟೈಫಾಯಿಡ್ ಮತ್ತು ಕ್ಷಯರೋಗದ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಈ ಮಾದರಿಯವು. ಅವುಗಳಲ್ಲಿ ವಿನಿಮಯ ಅತ್ಯಲ್ಪ. ಆದರೆ ಲಿಪಿಕಾರನು ಎರಡು ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದು ಸಾಲನ್ನು ಇದರಿಂದ, ಇನ್ನೊಂದನ್ನು ಅದರಿಂದ ಆಯ್ದು ಬರೆದರೆ ಪಾಠಮಿಶ್ರಣವಾಗಿ ವೃಕ್ಷದ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಮಿಶ್ರಣವೇ ನಿಯಮವಾಗಿರುವ ಪರಂಪರೆಗೆ ಪಾಡ್ದನ ಉತ್ತಮ ನಿದರ್ಶನ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು 1990ರಲ್ಲಿ ದಾಖಲಿಸಿ, 1998ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನವು 15,683 ಸಾಲುಗಳಷ್ಟು ದೀರ್ಘವಾದುದು. ಅದಕ್ಕೆ ಏಕೈಕ ಮೂಲಪ್ರತಿ ಎಂಬುದಿಲ್ಲ. ಹಾಡುವವರು ತಮ್ಮ ಸುತ್ತಲಿನ ಪರಂಪರೆಯ ಕೊಳದಿಂದ ಪ್ರಸಂಗ, ವರ್ಣನೆ, ನುಡಿಗಟ್ಟುಗಳನ್ನು ಎತ್ತಿಕೊಂಡು ಪ್ರತಿಬಾರಿಯೂ ಕಟ್ಟುತ್ತಾರೆ. ಹಾಗೆಂದು ಅದು ಅವ್ಯವಸ್ಥೆಯಲ್ಲ. ಒಂದು ಸೀಮೆಯ ಹಾಡುಗಾರರು ಒಬ್ಬರನ್ನೊಬ್ಬರು ಕೇಳಿ ಕಲಿಯುವುದರಿಂದ ಆ ಸೀಮೆಯ ಚಹರೆ ಉಳಿಯುತ್ತದೆ.

ಜಠರದ ಈ ಬ್ಯಾಕ್ಟೀರಿಯಾ ಪಾಡ್ದನದ ಮಾದರಿಗೆ ಹತ್ತಿರವಾದುದು. ಸೆಬಾಸ್ಟಿಯನ್ ಸೂರ್ಬಾಮ್, ಮಾರ್ಕ್ ಆಕ್ಟ್‌ಮನ್ ಮೊದಲಾದವರು 1998ರಲ್ಲಿ ತೋರಿಸಿದಂತೆ, ಇದರಲ್ಲಿ ಪುನಸ್ಸಂಯೋಜನೆ ಬಹುಮಟ್ಟಿಗೆ ನಿರ್ಬಂಧವಿಲ್ಲದೆ ನಡೆಯುತ್ತದೆ. ಒಂದು ವಂಶವಾಹಿಯನ್ನು ಆಧರಿಸಿ ರಚಿಸಿದ ವೃಕ್ಷವು ಇನ್ನೊಂದು ವಂಶವಾಹಿಯಿಂದ ರಚಿಸಿದ ವೃಕ್ಷಕ್ಕೆ ಹೊಂದುವುದಿಲ್ಲ. ಆದರೆ ವಿನಿಮಯಕ್ಕೆ ಎರಡು ತಳಿಗಳು ಒಂದೇ ಜಠರವನ್ನು ಸೇರಬೇಕು. ಅದಕ್ಕೆ ಆತಿಥೇಯರು ನಿಕಟವಾಗಿ ಬಾಳಬೇಕು. ಆದ್ದರಿಂದ ಬೆರಕೆಯು ಪರಸ್ಪರ ಒಡನಾಟವಿರುವ ಜನರ ಎಲ್ಲೆಯೊಳಗೆ ನಡೆಯುತ್ತದೆ. ತಳಿಯ ವಂಶ ಕಳೆದುಹೋದರೂ ಸಮಷ್ಟಿಯ ಚಹರೆ ಉಳಿಯುತ್ತದೆ.

5. ಸಮಷ್ಟಿ ರಚನೆ ಮತ್ತು ಮಾನವ ವಲಸೆ

ಈ ಚಹರೆಯನ್ನು ಗುರುತಿಸಲು ವೃಕ್ಷವನ್ನು ಬಿಟ್ಟು ಅನುಪಾತವನ್ನು ಲೆಕ್ಕಹಾಕುವ ವಿಧಾನ ಅಗತ್ಯವಾಯಿತು. ಡೇನಿಯಲ್ ಫಲೂಶ್ ಮತ್ತು ಸಂಗಡಿಗರು 2003ರಲ್ಲಿ, 27 ಭೌಗೋಳಿಕ ಹಾಗೂ ಜನಾಂಗೀಯ ಗುಂಪುಗಳಿಂದ ಪಡೆದ 370 ತಳಿಗಳಲ್ಲಿ ಎಂಟು ವಂಶವಾಹಿಗಳ ತುಣುಕುಗಳನ್ನು ಹೋಲಿಸಿದರು. ಪ್ರತಿ ತಳಿಯ ಡಿ.ಎನ್.ಎ.ಯಲ್ಲಿ ಎಷ್ಟು ಭಾಗ ಯಾವ ಪ್ರಾಚೀನ ಮೂಲದಿಂದ ಬಂದಿದೆಯೆಂದು ಅಂದಾಜಿಸುವುದು ಅವರ ಕ್ರಮವಾಗಿತ್ತು. ಯೂರೋಪಿನ ತಳಿಗಳು ಒಂದೇ ಮೂಲದವಲ್ಲ, ಎರಡು ಪ್ರಾಚೀನ ಸಮಷ್ಟಿಗಳ ಬೆರಕೆ ಎಂಬುದು ಇದರಿಂದ ಹೊರಪಟ್ಟ ಮುಖ್ಯ ಫಲಿತ. ಬೋಡೋ ಲಿಂಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ವ ಆಫ್ರಿಕಾದಿಂದ ದೂರ ಹೋದಂತೆ ಬ್ಯಾಕ್ಟೀರಿಯಾದ ವೈವಿಧ್ಯ ಕುಗ್ಗುತ್ತ ಬರುವುದನ್ನು ತೋರಿಸಲಾಯಿತು. ಮನುಷ್ಯನ ಡಿ.ಎನ್.ಎ.ಯಲ್ಲಿಯೂ ಇದೇ ವಿನ್ಯಾಸವಿದೆ. ಸುಮಾರು 58,000 ವರ್ಷಗಳ ಹಿಂದೆ ಈ ಬ್ಯಾಕ್ಟೀರಿಯಾ ಮನುಷ್ಯನೊಡನೆ ಪೂರ್ವ ಆಫ್ರಿಕಾದಿಂದ ಹೊರಟು ಹರಡಿತೆಂಬುದು ಅವರ ಅಂದಾಜು. ದಕ್ಷಿಣ ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ ಸಮಷ್ಟಿಗೆ ‘ಏಷ್ಯಾ-2’ ಎಂಬ ಹೆಸರು ರೂಢಿಗೆ ಬಂದಿದೆ. ಭಾರತದಲ್ಲಿ ಇದರೊಡನೆ ಯೂರೋಪ್ ಸಮಷ್ಟಿಯ ತಳಿಗಳೂ ದೊರೆತಿವೆ.

ಭಾರತೀಯ ತಳಿಗಳ ಮಹತ್ವವನ್ನು ಎತ್ತಿತೋರಿಸಿದ ಸಂಗತಿಯೊಂದು ಆಲ್ಪ್ಸ್ ಪರ್ವತದಿಂದ ಬಂದಿತು. 1991ರಲ್ಲಿ ಅಲ್ಲಿನ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳಷ್ಟು ಹಳೆಯದಾದ ‘ಓಟ್ಜಿ’ ಎಂಬ ಮಾನವದೇಹದ ಜಠರದಿಂದ ಈ ಬ್ಯಾಕ್ಟೀರಿಯಾದ ಡಿ.ಎನ್.ಎ.ಯನ್ನು ಪುನಾರಚಿಸಿ 2016ರಲ್ಲಿ ಪ್ರಕಟಿಸಲಾಯಿತು. ಅದು ಇಂದಿನ ಯೂರೋಪಿನ ತಳಿಗಳಿಗಿಂತ ಮಧ್ಯ ಹಾಗೂ ದಕ್ಷಿಣ ಏಷ್ಯಾದ ತಳಿಗಳಿಗೆ ಹತ್ತಿರವಾಗಿತ್ತು. ಆಫ್ರಿಕಾ ಮೂಲದ ಅಂಶವು ಯೂರೋಪಿನ ತಳಿಗಳಲ್ಲಿ ಬೆರೆತದ್ದು ಬಹುಮಟ್ಟಿಗೆ ಅನಂತರದ ಕಾಲದಲ್ಲೆಂದು ಇದರಿಂದ ತಿಳಿಯುತ್ತದೆ. ಯೂರೋಪಿನಲ್ಲಿ ಮಿಶ್ರಣದಿಂದ ಮಸುಕಾದ ಹಳೆಯ ಪಾಠವು ಭಾರತೀಯ ಜಠರಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಉಳಿದಿದೆ.

6. ರಕ್ತಸಂಬಂಧವೋ ಒಡನಾಟವೋ?

ಬ್ಯಾಕ್ಟೀರಿಯಾದಲ್ಲಿ ಓದುವ ಚರಿತ್ರೆ ಯಾರದು ಎಂಬ ಪ್ರಶ್ನೆಗೆ ಎರಡು ಅಧ್ಯಯನಗಳು ಉತ್ತರವನ್ನು ಒದಗಿಸುತ್ತವೆ. ಲಡಾಖಿನ ಬೌದ್ಧರನ್ನೂ ಮುಸ್ಲಿಮರನ್ನೂ ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಎರಡು ಸಮುದಾಯಗಳ ಭಿನ್ನತೆಯು ಮನುಷ್ಯರ ಡಿ.ಎನ್.ಎ.ಯಲ್ಲಿ ಪರೀಕ್ಷಿಸಿದ ಗುರುತುಗಳಿಗಿಂತ ಅವರ ಬ್ಯಾಕ್ಟೀರಿಯಾದಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಂಡಿತು. ಇದೊಂದನ್ನೇ ಓದಿದವರು ಬ್ಯಾಕ್ಟೀರಿಯಾವನ್ನು ಸಮುದಾಯದ ಮುದ್ರೆಯೆಂದು ಭಾವಿಸಬಹುದು.

ಆದರೆ 2009ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವು ಈ ಭಾವನೆಯನ್ನು ತಿದ್ದುತ್ತದೆ. ಅಲ್ಲಿನ ಭಾರತೀಯರು ಬಹುಸಂಖ್ಯೆಯಲ್ಲಿ ದಕ್ಷಿಣ ಭಾರತದಿಂದ ವಲಸೆ ಹೋದವರ ಸಂತತಿಯವರು. ಅವರಿಗೂ ಮಲಯ ಜನರಿಗೂ ಜನಾಂಗೀಯ ಮೂಲ ಬೇರೆಬೇರೆ. ಹಾಗಿದ್ದರೂ ಮಲಯರ ಬ್ಯಾಕ್ಟೀರಿಯಾ ಭಾರತೀಯರದರಂತೆ ಏಷ್ಯಾ-2 ಸಮಷ್ಟಿಗೆ ಸೇರಿತ್ತು. ಮಲಯರು ಈಚಿನ ಕಾಲದಲ್ಲಿ ಭಾರತೀಯರಿಂದ ಇದನ್ನು ಪಡೆದರೆಂದು ಸಂಶೋಧಕರು ತೀರ್ಮಾನಿಸಿದರು. ಆದ್ದರಿಂದ ಈ ಬ್ಯಾಕ್ಟೀರಿಯಾ ದಾಖಲಿಸುವುದು ರಕ್ತವನ್ನಲ್ಲ, ಯಾರು ಯಾರೊಡನೆ ಬಾಳಿದರು ಎಂಬುದನ್ನು. ಲಡಾಖಿನಲ್ಲಿ ಒಡನಾಟ ಮಿತವಾಗಿದ್ದೆಡೆ ಭಿನ್ನತೆ ಉಳಿಯಿತು. ಮಲೇಷ್ಯಾದಲ್ಲಿ ಒಡನಾಟ ಒದಗಿದೆಡೆ ಎಲ್ಲೆ ಅಳಿಯಿತು.

7. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ಅಧ್ಯಯನದ ನೆಲೆ

ಈ ಹಿನ್ನೆಲೆಯಲ್ಲಿ ತುಳುನಾಡಿನ ಈ ಮೂರು ಪ್ರದೇಶಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ನೇತ್ರಾವತಿಯ ದಡದ ಬಂಟ್ವಾಳವು ದೋಣಿಗಳ ಕಾಲದಲ್ಲಿ ಘಟ್ಟದ ಸರಕು ಮಂಗಳೂರಿಗೆ ಇಳಿಯುತ್ತಿದ್ದ ವ್ಯಾಪಾರದ ಊರು. ಬೆಳ್ತಂಗಡಿಯು ಚಾರ್ಮಾಡಿ ಘಾಟಿಯ ಬುಡದ ಸೀಮೆ. ಮೂಡುಬಿದಿರೆಯು 1430ರ ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾದ ಜೈನಕೇಂದ್ರ. ತುಳು ಮಾತೃಭಾಷೆಯ ಅನೇಕ ಸಮುದಾಯಗಳು, ಹವ್ಯಕ ಕನ್ನಡಿಗರು, ಬ್ಯಾರಿಗಳು, ಕೊಂಕಣಿಯ ಸಾರಸ್ವತರು ಹಾಗೂ ಕ್ರೈಸ್ತರು, ಮರಾಠಿಯ ಪ್ರಭೇದಗಳನ್ನಾಡುವವರು, ಘಟ್ಟದ ತಪ್ಪಲಿನ ಮಲೆಕುಡಿಯರು, ಕೊರಗರು ಈ ಕಿರಿದಾದ ಪ್ರದೇಶದಲ್ಲಿ ಒಟ್ಟಿಗೆ ಬಾಳಿದ್ದಾರೆ. ಗೋವೆಯಿಂದ ಬಂದ ವಲಸೆ, 1784ರಲ್ಲಿ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಹೋದುದು, 1799ರ ಬಳಿಕ ಬದುಕುಳಿದವರು ಮರಳಿದುದು, ಇಂತಹ ಚಲನೆಗಳ ಕಾಲವೂ ಲಿಖಿತ ಆಕರಗಳಿಂದ ತಿಳಿದಿದೆ. ಕಾಲ ನಿಶ್ಚಿತವಾಗಿರುವ ವಲಸೆಯು ಬ್ಯಾಕ್ಟೀರಿಯಾದ ಗಡಿಯಾರವನ್ನು ಸರಿಹೊಂದಿಸಲು ಸಹಾಯಕ.

ಇಲ್ಲಿಯ ಕುಟುಂಬ ಪದ್ಧತಿಯೂ ಮುಖ್ಯವಾದುದು. ಅಳಿಯಸಂತಾನ ಪದ್ಧತಿಯ ಮನೆತನಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಕೂಡುಮನೆಯಲ್ಲಿ ತಾಯಿ, ಅಜ್ಜಿ, ಸೋದರಮಾವಂದಿರ ನಡುವೆ ಬೆಳೆದವರು ಅನೇಕರು. ಸೋಂಕು ಬಾಲ್ಯದಲ್ಲಿ ಮನೆಯೊಳಗೇ ತಗಲುವುದರಿಂದ, ಅಂತಹ ಮನೆಯಲ್ಲಿ ತಳಿಯು ತಾಯಿಯ ಮನೆತನದ ಜಾಡನ್ನು ಹಿಡಿಯಬೇಕು. ಮದುವೆಯ ಬಳಿಕ ಹೆಣ್ಣು ಗಂಡನ ಮನೆಗೆ ಹೋಗುವ ಸಮುದಾಯಗಳಲ್ಲಿ ತಾಯಿ ತಂದ ತಳಿಯೂ ಆ ಮನೆಯ ತಳಿಯೂ ಮಗುವಿನ ಜಠರದಲ್ಲಿ ಸಂಧಿಸುವ ಅವಕಾಶ ಹೆಚ್ಚು. ವಿನಿಮಯದ ಪ್ರಮಾಣವು ಕುಟುಂಬ ಪದ್ಧತಿಯೊಡನೆ ಬದಲಾಗುತ್ತದೆಯೇ ಎಂಬುದು ಇಲ್ಲಿ ಪರೀಕ್ಷಿಸಬಹುದಾದ ಪ್ರಮೇಯ.

ಇಂತಹ ಅಧ್ಯಯನಕ್ಕೆ ಕೆಲವು ನಿಯಮಗಳು ಅಗತ್ಯ. ಮೊದಲನೆಯದಾಗಿ, ಬ್ಯಾಕ್ಟೀರಿಯಾವನ್ನು ಪಡೆಯಲು ಎಂಡೋಸ್ಕೋಪಿಯ ಮೂಲಕ ಜಠರದ ಒಳಪೊರೆಯ ಚೂರನ್ನು ತೆಗೆಯಬೇಕು. ಅದನ್ನು ತಮ್ಮ ಚಿಕಿತ್ಸೆಗಾಗಿಯೇ ಆ ಪರೀಕ್ಷೆಗೆ ಒಳಗಾಗುವವರಿಂದ, ಅವರ ಭಾಷೆಯಲ್ಲಿ ವಿವರಿಸಿ, ಒಪ್ಪಿಗೆ ಪಡೆದು ಮಾತ್ರ ತೆಗೆದುಕೊಳ್ಳಬೇಕು. ಎರಡನೆಯದಾಗಿ, ಜಾತಿಯ ಹೆಸರೊಂದನ್ನೇ ಬರೆದುಕೊಂಡರೆ ಸಾಲದು. ತಾಯಿಯ ಊರು, ಬಾಲ್ಯ ಕಳೆದ ಮನೆ, ಮನೆಮಾತು, ನೀರಿನ ಮೂಲ ಇವೆಲ್ಲವನ್ನೂ ದಾಖಲಿಸಬೇಕು. ಮೂರನೆಯದಾಗಿ, ಆಸ್ಪತ್ರೆಗೆ ಬಂದವರ ತಳಿಗಳು ರೋಗಲಕ್ಷಣವಿಲ್ಲದವರ ತಳಿಗಳನ್ನು ಪ್ರತಿನಿಧಿಸುವುದಿಲ್ಲವೆಂಬ ಅರಿವಿರಬೇಕು. ನಾಲ್ಕನೆಯದಾಗಿ, ಫಲಿತಾಂಶವನ್ನು ಸಮಷ್ಟಿಯ ಅನುಪಾತವಾಗಿ ಹೇಳಬೇಕೇ ಹೊರತು ಯಾವ ಸಮುದಾಯದ ‘ಮೂಲ’ ಅಥವಾ ‘ಶುದ್ಧಿ’ಯ ನಿರ್ಣಯವಾಗಿ ಅಲ್ಲ. ಕೊರಗರಂತಹ, ಹಿಂದಿನಿಂದಲೂ ಅವಮಾನವನ್ನು ಉಂಡ ಸಮುದಾಯಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ರೋಗಾಣುವಿನ ಹೆಸರನ್ನು ಸಮುದಾಯದ ಹೆಸರಿಗೆ ಅಂಟಿಸುವುದು ಶಾಸ್ತ್ರದೃಷ್ಟಿಯಿಂದಲೂ ತಪ್ಪು, ನೀತಿದೃಷ್ಟಿಯಿಂದಲೂ ತಪ್ಪು.

8. ವಿನಿಮಯ ಮತ್ತು ಚಿಕಿತ್ಸೆ

ವಂಶವಾಹಿ ವಿನಿಮಯವು ಚರಿತ್ರಕಾರನಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕ್ಲಾರಿತ್ರೋಮೈಸಿನ್ ಎಂಬ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯದಂತಾಗಲು ಅದರ ಡಿ.ಎನ್.ಎ.ಯ ನಿರ್ದಿಷ್ಟ ಸ್ಥಾನದಲ್ಲಿ ಒಂದೇ ಅಕ್ಷರ ಬದಲಾದರೆ ಸಾಕು. ಅಂತಹ ಅಕ್ಷರವಿರುವ ತುಣುಕು ವಿನಿಮಯದ ಮೂಲಕ ನೆರೆಯ ತಳಿಗೂ ದಾಟಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ, ಹೊಸ ಔಷಧ ತುರ್ತಾಗಿ ಬೇಕಾಗಿರುವ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಕ್ಲಾರಿತ್ರೋಮೈಸಿನ್‌ಗೆ ಮಣಿಯದ ಈ ಬ್ಯಾಕ್ಟೀರಿಯಾವೂ ಇತ್ತು. ಮಣಿಪಾಲದ ಮಮತಾ ಬಲ್ಲಾಳ್ ಮೊದಲಾದ ಸಂಶೋಧಕರು ಪರ್ತ್‌ನ ಬ್ಯಾರಿ ಮಾರ್ಷಲ್ ಅವರ ತಂಡದೊಡನೆ ಸೇರಿ, ಕರ್ನಾಟಕದ ರೋಗಿಗಳಿಂದ ಪಡೆದ ತಳಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೆಟ್ರೋನಿಡಜೋಲ್ ಮತ್ತು ಲೀವೋಫ್ಲಾಕ್ಸಸಿನ್ ಔಷಧಗಳಿಗೆ ಪ್ರತಿರೋಧ ಅಧಿಕವಾಗಿಯೂ ಕ್ಲಾರಿತ್ರೋಮೈಸಿನ್‌ಗೆ ಮಧ್ಯಮ ಪ್ರಮಾಣದಲ್ಲಿಯೂ ಇರುವುದನ್ನು ಅವರು ಕಂಡರು. ಭೇದಿ ಮತ್ತಿತರ ಕಾಯಿಲೆಗಳಿಗೆ ಮೆಟ್ರೋನಿಡಜೋಲನ್ನು ನಮ್ಮಲ್ಲಿ ಬಹುಕಾಲದಿಂದ ಧಾರಾಳವಾಗಿ ಬಳಸುತ್ತ ಬಂದಿರುವುದನ್ನು ಇದರೊಡನೆ ನೆನೆಯಬೇಕು. ಬೇರೊಂದು ಕಾಯಿಲೆಗೆ ನುಂಗಿದ, ಅರ್ಧಕ್ಕೆ ಬಿಟ್ಟ ಮಾತ್ರೆಗಳು ಜಠರದ ತಳಿಗಳಲ್ಲಿ ಪ್ರತಿರೋಧವುಳ್ಳವನ್ನೇ ಉಳಿಸುತ್ತವೆ. ಉಳಿದುದು ವಿನಿಮಯದಿಂದ ಹರಡುತ್ತದೆ. ಆದ್ದರಿಂದ ಸ್ಥಳೀಯ ತಳಿಗಳ ಸಮಷ್ಟಿ ರಚನೆಯನ್ನು ತಿಳಿಯುವುದು ಸ್ಥಳೀಯವಾಗಿ ಫಲಿಸುವ ಚಿಕಿತ್ಸೆಯನ್ನು ಆರಿಸುವುದಕ್ಕೂ ನೆರವಾಗುತ್ತದೆ.

9. ಉಪಸಂಹಾರ

ಶುದ್ಧ ನೀರು, ಚಿಕ್ಕ ಕುಟುಂಬ, ಶೌಚಾಲಯ ಮತ್ತು ಔಷಧಗಳಿಂದಾಗಿ ಲೋಕದ ಅನೇಕ ಕಡೆಗಳಲ್ಲಿ ಈ ಸೋಂಕು ಪೀಳಿಗೆಯಿಂದ ಪೀಳಿಗೆಗೆ ಇಳಿಮುಖವಾಗುತ್ತಿದೆ. ಹುಣ್ಣು ಮತ್ತು ಕ್ಯಾನ್ಸರಿನ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆಕರವನ್ನು ಉಳಿಸುವುದಕ್ಕಾಗಿ ರೋಗವನ್ನು ಉಳಿಸಬೇಕೆಂದು ಯಾರೂ ಹೇಳಲಾರರು. ಗೆದ್ದಲು ಹಿಡಿಯುವ ಮೊದಲು ಓಲೆಗರಿಯ ಪ್ರತಿಮಾಡಿಕೊಳ್ಳುವಂತೆ, ಹಾಡುವವರು ಇರುವಾಗಲೇ ಪಾಡ್ದನವನ್ನು ದಾಖಲಿಸುವಂತೆ, ಚಿಕಿತ್ಸೆಗೆ ಬಂದ ರೋಗಿಯ ಒಪ್ಪಿಗೆಯಿಂದ ತಳಿಗಳನ್ನು ಶೈತ್ಯಾಗಾರದಲ್ಲಿ ಕಾಪಿಟ್ಟು, ಅವುಗಳ ಅನುಕ್ರಮವನ್ನು ದಾಖಲಿಸಬೇಕಾಗಿದೆ. ಹಲವು ಭಾಷೆಗಳ ಜನರು ಒಂದೇ ನದಿಯ ನೀರನ್ನೂ ಒಂದೇ ಪೇಟೆಯ ಅಕ್ಕಿಯನ್ನೂ ಹಂಚಿಕೊಂಡ ಈ ನಾಡಿನಲ್ಲಿ, ಒಡನಾಟದ ಚರಿತ್ರೆಯನ್ನು ಇನ್ನೊಂದು ದಿಕ್ಕಿನಿಂದ ಪರಿಶೀಲಿಸುವ ಅವಕಾಶ ಅದರಿಂದ ದೊರೆಯುತ್ತದೆ. ಸೂಕ್ಷ್ಮಜೀವಿ ವಿಜ್ಞಾನಿ, ವೈದ್ಯ, ಜಾನಪದ ವಿದ್ವಾಂಸ ಹಾಗೂ ಸ್ಥಳೀಯ ಚರಿತ್ರಕಾರ ಈ ನಾಲ್ವರೂ ಒಟ್ಟಾಗಿ ಕೈಗೊಂಡಾಗ ಮಾತ್ರ ಇಂತಹ ಅಧ್ಯಯನ ಸಾರ್ಥಕವಾದೀತು.